ಕಡಲಿನ ಮೇಲೆ ಎಣ್ಣೆಯ ಪೊರೆ

ಮಳೆಗಾಲದಲ್ಲಿ ಮೂಡಿಗೆರೆಯಿಂದ ಕೊಟ್ಟಿಗೆಹಾರದ ಮಾರ್ಗವಾಗಿ ಚಾರ್ಮಾಡಿ ಘಟ್ಟವನ್ನು ಇಳಿದವರು, ರಸ್ತೆಯ ಗುಂಡಿಗಳಲ್ಲಿ ನಿಂತ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣಗಳನ್ನು ಕಂಡೇ ಇರುವರು. ಯಾವುದೋ ಲಾರಿಯಿಂದ ತೊಟ್ಟಿಕ್ಕಿದ ಒಂದೆರಡು ಹನಿ ಡೀಸೆಲ್ ನೀರಿನ ಮೇಲೆ ಹರಡಿ ಈ ಸೊಗಸನ್ನು ಉಂಟುಮಾಡುವುದು. ಪೊರೆಯ ಮೇಲ್ಮೈಯಿಂದ ಹಿಂದಿರುಗಿದ ಬೆಳಕೂ ಅದರ ತಳದಿಂದ ಹಿಂದಿರುಗಿದ ಬೆಳಕೂ ಒಂದರೊಡನೊಂದು ಬೆರೆತಾಗ ಕೆಲವು ಬಣ್ಣಗಳು ಬಲಗೊಳ್ಳುತ್ತವೆ, ಕೆಲವು ಅಳಿಸಿಹೋಗುತ್ತವೆ. ಇದಕ್ಕೆ ವ್ಯತಿಕರಣವೆಂದು ಹೆಸರು. ತರಗತಿಯಲ್ಲಿ ಈ ಪಾಠ ಬಂದಾಗ ನಾವು ಘಟ್ಟದ ಗುಂಡಿಯನ್ನೇ ಉದಾಹರಣೆಯಾಗಿ ಕೊಡುವುದು ವಾಡಿಕೆ. ಇದೇ ಪೊರೆ ಗುಂಡಿಯನ್ನು ಬಿಟ್ಟು ಕಡಲಿನ ಮೇಲೆ ಹರಡಿದರೆ ಏನಾಗುವುದೆಂಬುದನ್ನು ಈಗ ವಿಚಾರಿಸೋಣ.

ಕಾಫಿಯ ಬೆಟ್ಟಗಳಲ್ಲಿರುವ ನಮಗೆ ಕಡಲಿನ ಗೊಡವೆ ಏಕೆಂದು ಕೆಲವರು ಕೇಳಬಹುದು. ಮೂಡಿಗೆರೆ, ಕಳಸಗಳ ಸಂತೆಗೆ ಬರುವ ಬಂಗುಡೆ, ಭೂತಾಯಿ ಮೀನುಗಳು ಘಟ್ಟ ಹತ್ತಿಯೇ ಬರಬೇಕು. ಮಂಗಳೂರಿನ ತೈಲ ಶುದ್ಧೀಕರಣಾಗಾರಕ್ಕೆ ಕಚ್ಚಾ ತೈಲ ಬರುವುದು ಹಡಗುಗಳಲ್ಲಿ. ಅಲ್ಲಿಗೆ ಹತ್ತಿರದ ಪಾದೂರಿನಲ್ಲಿ ಬಂಡೆಯೊಳಗೆ ಕೊರೆದ ಗುಹೆಗಳಲ್ಲಿ 25 ಲಕ್ಷ ಟನ್ ತೈಲವನ್ನು ತುಂಬಿಡಬಹುದು. ಇವೆಲ್ಲಕ್ಕಿಂತ ಹತ್ತಿರದ ನಂಟು ಗಾಳಿಯದು. ನಮ್ಮ ತೋಟಗಳಿಗೆ ಮಳೆಯನ್ನು ತರುವ ನೈಋತ್ಯ ಮಾರುತವೇ ಕಡಲಿನಲ್ಲಿ ಚೆಲ್ಲಿದ ಎಣ್ಣೆಯನ್ನೂ ದಡಕ್ಕೆ ದೂಡುವುದು.

2025ರ ಮೇ 24ರಂದು ಮುಂಗಾರು ಕೇರಳವನ್ನು ಮುಟ್ಟಿತು. ವಾಡಿಕೆಯ ದಿನ ಜೂನ್ 1. ಒಂದು ವಾರ ಮುಂಚೆಯೇ ಬಂದ ಮಳೆಯನ್ನು ನಮ್ಮ ಬೆಟ್ಟಗಳಲ್ಲಿಯೂ ಎಲ್ಲರೂ ಕಂಡರು. ಅದರ ಮರುದಿನವೇ ಎಂ.ಎಸ್.ಸಿ. ಎಲ್ಸಾ 3 ಎಂಬ ಹಡಗು ವಿಳಿಂಜಮ್ಮಿನಿಂದ ಕೊಚ್ಚಿಗೆ ಹೋಗುವ ದಾರಿಯಲ್ಲಿ 640 ಕಂಟೇನರುಗಳೊಡನೆ ಮುಳುಗಿತು. ಸಿಬ್ಬಂದಿಯ 24 ಮಂದಿಯೂ ಬದುಕಿ ಬಂದರು. ಆದರೆ ಹಡಗಿನ ತೊಟ್ಟಿಗಳಲ್ಲಿ ಸುಮಾರು 367 ಟನ್ ಫರ್ನೇಸ್ ಎಣ್ಣೆಯೂ 84 ಟನ್ ಡೀಸೆಲ್ಲೂ ಇದ್ದುವು.

ಕನ್ನಡನಾಡಿನ ಕರಾವಳಿಗೂ ಇಂತಹ ಗಂಡಾಂತರ ಹೊಸದಲ್ಲ. 2006ರ ಮೇ 30ರಂದು ಓಷನ್ ಸೆರಾಯಾ ಎಂಬ ಹಡಗು ಕಾರವಾರದೆದುರಿಗೆ, ದೇವಗಡದ ದೀಪಸ್ತಂಭವಿರುವ ಬಂಡೆಗಳ ಬಳಿ ನೆಲಕಚ್ಚಿತು. ಅದರೊಳಗಿದ್ದುದು ನೂರಾರು ಟನ್ ಇಂಧನ ತೈಲ. ಸೋರಿದ ಎಣ್ಣೆ ಕಾರವಾರದಲ್ಲಿಯೇ ನಿಲ್ಲದೆ ದಕ್ಷಿಣ ಗೋವೆಯ ಮರಳಿನ ತೀರಗಳಿಗೂ ಹೋಗಿ ಹತ್ತಿತು. ಈ ಎರಡು ಹಡಗುಗಳೂ ತೈಲವಾಹಕಗಳಲ್ಲ. ಚೆಲ್ಲಿದ್ದು ಅವುಗಳ ಎಂಜಿನ್ನುಗಳಿಗೆಂದೇ ಇಟ್ಟುಕೊಂಡ ಎಣ್ಣೆ. ತೈಲವನ್ನು ಹೊರದ ಹಡಗಿನಿಂದಲೂ ತೈಲಸೋರಿಕೆ ಆಗಬಹುದೆಂಬುದನ್ನು ಅನೇಕರು ಮರೆಯುತ್ತಾರೆ.

ಎಣ್ಣೆ ನೀರಿನ ಮೇಲೆ ಎಷ್ಟು ದೂರ ಹರಡೀತು? ಲಂಡನ್ನಿನ ಕ್ಲ್ಯಾಪಮ್ಮಿನಲ್ಲಿದ್ದ ಕೊಳವೊಂದರ ಮೇಲೆ ಬೆಂಜಮಿನ್ ಫ್ರಾಂಕ್ಲಿನ್ ಒಂದು ಟೀ ಚಮಚದಷ್ಟು ಎಣ್ಣೆಯನ್ನು ಸುರಿದು ನೋಡಿದನು. ಅದು ಸುಮಾರು ಅರ್ಧ ಎಕರೆಯಷ್ಟು ಹರಡಿ, ಗಾಳಿಗೆ ಎದ್ದಿದ್ದ ಕಿರುದೆರೆಗಳನ್ನು ಕನ್ನಡಿಯಂತೆ ಸಮಮಾಡಿತು. 1774ರಲ್ಲಿ ಇದರ ವರದಿ ಪ್ರಕಟವಾಯಿತು. ಚಮಚಕ್ಕೆ 5 ಘನ ಸೆಂಟಿಮೀಟರ್, ಅರ್ಧ ಎಕರೆಗೆ 2000 ಚದರ ಮೀಟರ್ ಎಂದಿಟ್ಟುಕೊಂಡು ಭಾಗಿಸಿದರೆ ಆ ಪೊರೆಯ ದಪ್ಪ ಮಿಲಿಮೀಟರಿನ 4 ಲಕ್ಷದಲ್ಲೊಂದು ಭಾಗ. ಅಣುವಿನ ಉದ್ದದ ಅಂದಾಜು ಫ್ರಾಂಕ್ಲಿನ್ನನ ಚಮಚದಲ್ಲಿಯೇ ಅಡಗಿತ್ತು. ಆತ ಮಾತ್ರ ಆ ಲೆಕ್ಕವನ್ನು ಮಾಡಲಿಲ್ಲ!

ಹಡಗಿನ ಎಣ್ಣೆ ಇಷ್ಟು ತೆಳ್ಳಗಾಗುವುದಿಲ್ಲ. ಕಾಮನಬಿಲ್ಲಿನ ಬಣ್ಣ ತೋರುವ ಪೊರೆಯ ದಪ್ಪವನ್ನು ಮಿಲಿಮೀಟರಿನ ಸಾವಿರದಲ್ಲೊಂದು ಭಾಗವೆಂದು ಹಿಡಿಯೋಣ. ಒಂದು ಘನ ಮೀಟರ್, ಎಂದರೆ ಹೆಚ್ಚುಕಡಿಮೆ ಒಂದು ಟನ್ ಎಣ್ಣೆ, ಒಂದು ಚದರ ಕಿಲೋಮೀಟರಿನಷ್ಟು ಕಡಲನ್ನು ಹೊದೆಯಬಲ್ಲುದು. ವಿಮಾನದಿಂದ ನೋಡುವವರು ಬಣ್ಣವನ್ನು ಕಂಡೇ ಅಲ್ಲಿ ಎಷ್ಟು ಎಣ್ಣೆ ಇದೆಯೆಂದು ಅಂದಾಜು ಮಾಡುತ್ತಾರೆ. ಬಣ್ಣಬಣ್ಣದ ಭಾಗ ನೋಡಲು ವಿಶಾಲವಾದರೂ ಎಣ್ಣೆಯ ಬಹುಪಾಲು ಇರುವುದು ನಡುವಿನ ಕಪ್ಪು ಮಡುಗಳಲ್ಲಿ.

ಈ ಪೊರೆ ಗಾಳಿಯ ವೇಗದ ನೂರಕ್ಕೆ ಮೂರರಷ್ಟು ವೇಗದಿಂದ ಸಾಗುವುದೆಂಬುದು ಅನುಭವದಿಂದ ಕಂಡುಕೊಂಡ ಲೆಕ್ಕ. ನೀರಿನ ಹರಿವಿನ ವೇಗವನ್ನು ಇದಕ್ಕೆ ಕೂಡಿಸಬೇಕು. ಮುಂಗಾರು ಗಾಳಿ ಗಂಟೆಗೆ 36 ಕಿಲೋಮೀಟರ್ ಬೀಸಿದರೆ ಎಣ್ಣೆ ಗಂಟೆಗೆ ಒಂದು ಕಿಲೋಮೀಟರಿಗಿಂತ ತುಸು ಹೆಚ್ಚು ಚಲಿಸುವುದು, ದಿನಕ್ಕೆ ಸುಮಾರು 26 ಕಿಲೋಮೀಟರ್. ದಡದಿಂದ ಅಷ್ಟು ದೂರದಲ್ಲಿ ಹಡಗು ಒಡೆದರೆ ಸಿದ್ಧತೆಗೆ ಸಿಗುವುದು ಒಂದು ಹಗಲು, ಒಂದು ರಾತ್ರಿ. ಎಣ್ಣೆಯನ್ನು ತಡೆಯಲು ನೀರಿನ ಮೇಲೆ ತೇಲುಬೇಲಿಗಳನ್ನು ಕಟ್ಟುವುದುಂಟು. ಆದರೆ ಬೇಲಿಗೆ ಎದುರಾಗಿ ನೀರು ಸೆಕೆಂಡಿಗೆ ಸುಮಾರು 35 ಸೆಂಟಿಮೀಟರಿಗಿಂತ ಜೋರಾಗಿ ಹರಿದರೆ ಎಣ್ಣೆ ಅದರ ಅಡಿಯಿಂದ ನುಸುಳಿಹೋಗುವುದು. ಅದು ಮಗುವಿನ ನಡಿಗೆಗಿಂತಲೂ ನಿಧಾನವಾದ ವೇಗ. ಜೂನ್ ತಿಂಗಳಿನ ಅರಬ್ಬೀ ಸಮುದ್ರದೆದುರು ಇಂತಹ ಬೇಲಿಯಿಂದ ಏನಾದೀತೆಂದು ಓದುಗರೇ ಊಹಿಸಬಹುದು.

ಚೆಲ್ಲಿದ ಎಣ್ಣೆಯ ಹಗುರವಾದ ಅಂಶ ಒಂದೆರಡು ದಿನಗಳಲ್ಲಿ ಆವಿಯಾಗಿ ಹೋಗುವುದು. ಡೀಸೆಲ್ ಬಹುಮಟ್ಟಿಗೆ ಹೀಗೆಯೇ ಕಳೆದುಹೋದೀತು. ಫರ್ನೇಸ್ ಎಣ್ಣೆ ಹಾಗಲ್ಲ. ತೆರೆಗಳ ಹೊಡೆತಕ್ಕೆ ಅದು ನೀರನ್ನು ತನ್ನೊಳಗೆ ಎಳೆದುಕೊಂಡು ಮಜ್ಜಿಗೆ ಕಡೆದಂತೆ ದಪ್ಪನಾಗಿ, ಮೂರು ನಾಲ್ಕು ಪಾಲು ಉಬ್ಬಿ, ಕಂದುಬಣ್ಣದ ಲೋಳೆಯಾಗುವುದು. ನೂರು ಟನ್ ಚೆಲ್ಲಿ, ಮುನ್ನೂರು ಟನ್ ಬಾಚಬೇಕಾಗಿ ಬರುವುದು ಇದರಿಂದಲೇ. 2017ರ ಜನವರಿಯಲ್ಲಿ ಚೆನ್ನೈ ಬಳಿಯ ಎಣ್ಣೂರಿನಲ್ಲಿ ಎರಡು ಹಡಗುಗಳು ಡಿಕ್ಕಿ ಹೊಡೆದಾಗ ಈ ಲೋಳೆಯನ್ನು ಜನರು ಬಕೀಟುಗಳಲ್ಲಿ ತುಂಬಿ ಕೈಯಿಂದ ಕೈಗೆ ದಾಟಿಸಿದರು.

ಜೀವಿಗಳಿಗೆ ಆಗುವ ಹಾನಿ ಎಲ್ಲೆಡೆಯೂ ಒಂದೇ ಸಮನಲ್ಲ. ಬೆಳೆದ ಮೀನು ಆಳಕ್ಕೆ ಇಳಿದು ಪಾರಾಗಬಹುದು. ನೀರಿನ ಮೇಲ್ಪದರದಲ್ಲಿ ತೇಲುವ ಮೊಟ್ಟೆ, ಮರಿಗಳಿಗೆ ಆ ಶಕ್ತಿಯಿಲ್ಲ. ಭೂತಾಯಿ ಮೊಟ್ಟೆಯಿಡುವ ಮುಖ್ಯ ಕಾಲವೂ ಮುಂಗಾರಿನ ತಿಂಗಳುಗಳೇ. ಅಳಿವೆಯ ಬಳಚು, ಏಡಿಗಳು ಇದ್ದಲ್ಲಿಯೇ ಇರಬೇಕಾದುವು. ಕಾಳಿ ನದಿಯ ಅಳಿವೆಯಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳು ಕೆಸರಿನಿಂದ ಮೇಲೆ ಚಾಚಿದ ಬೇರುಗಳ ರಂಧ್ರಗಳಿಂದ ಉಸಿರಾಡುತ್ತವೆ. ಎಣ್ಣೆ ಮೆತ್ತಿದರೆ ಆ ರಂಧ್ರಗಳು ಮುಚ್ಚುವುವು. ಪಲ್ಪರಿನ ನೀರನ್ನು ಹಳ್ಳಕ್ಕೆ ಬಿಟ್ಟರೆ ಮೀನು ಸಾಯುವುದನ್ನು ತೋಟದ ಮಕ್ಕಳು ಬಲ್ಲರು. ಹಳ್ಳ ಮುಂದಿನ ಮಳೆಗೆ ತೊಳೆದುಹೋದೀತು. ಕಾಂಡ್ಲಾ ವನದ ಕೆಸರಿನಲ್ಲಿ ಇಳಿದ ಎಣ್ಣೆಗೆ ಹತ್ತಾರು ವರ್ಷಗಳೇ ಬೇಕಾಗಬಹುದು.

ಇನ್ನು ಹಣದ ಮಾತು. ಎಲ್ಸಾ ಹಡಗಿನ ಪ್ರಕರಣದಲ್ಲಿ ಕೇರಳ ಸರ್ಕಾರವು ಹೈಕೋರ್ಟಿನಲ್ಲಿ 9,531 ಕೋಟಿ ರೂಪಾಯಿ ಪರಿಹಾರವನ್ನು ಕೇಳಿತು. ಅದರಲ್ಲಿ ಪರಿಸರದ ಹಾನಿಗೆಂದು ತೋರಿಸಿದ್ದು 8,626 ಕೋಟಿ, ಮೀನುಗಾರರ ನಷ್ಟಕ್ಕೆಂದು 526 ಕೋಟಿ. ಹೈಕೋರ್ಟಿನಲ್ಲಿ ಗೆಲ್ಲಲಿ ಸೋಲಲಿ, ಮೀನುಗಾರನ ಪಾಲು ಇಷ್ಟು ಕಿರಿದಾಗಿ ಕಾಣುವುದೇಕೆ ಎಂಬುದನ್ನು ಯೋಚಿಸಬೇಕು. ಅವನ ನಷ್ಟ ಲೆಕ್ಕಕ್ಕೆ ಸಿಗುವಂಥದಲ್ಲ. ಎಣ್ಣೆ ಮುಟ್ಟದ ಮೀನನ್ನೂ ಜನ ಹೆದರಿ ಕೊಳ್ಳದೆ ಹೋಗುತ್ತಾರೆ. ಕೇರಳದಲ್ಲಿ ಅದೇ ಆಯಿತು. ಕಾಫಿಯ ಬೆಳೆಗಾರನಿಗೆ ಕ್ಯೂರಿಂಗ್ ವರ್ಕ್ಸಿನ ಚೀಟಿಯಿದೆ, ಹಿಂದಿನ ವರ್ಷಗಳ ಇಳುವರಿಯ ಪುಸ್ತಕವಿದೆ. ನಾಡದೋಣಿಯವನಿಗೂ ಅಳಿವೆಯಲ್ಲಿ ಬಳಚು ಹೆಕ್ಕುವ ಹೆಂಗಸಿಗೂ ನಿನ್ನೆ ಎಷ್ಟು ಸಿಕ್ಕಿತೆಂಬುದಕ್ಕೆ ಯಾವ ಕಾಗದವಿದೆ? ಕಳೆದುಕೊಂಡದ್ದನ್ನು ರುಜುವಾತು ಮಾಡಬೇಕಾದವರು ಅವರೇ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವುದರಿಂದ, ಆ ದಿನಗಳಲ್ಲಿ ನಷ್ಟವೇ ಇಲ್ಲವೆಂದು ವಾದಿಸಲೂ ಎಡೆಯುಂಟು. ಮೊಟ್ಟೆಯಲ್ಲಿಯೇ ಸತ್ತ ಭೂತಾಯಿಯ ಕೊರತೆ ತಿಳಿಯುವುದು ಮುಂದಿನ ಹಂಗಾಮಿನಲ್ಲಿ. ಆಗ ಅದಕ್ಕೆ ಹಡಗು ಕಾರಣವೋ ಕಡಲಿನ ಬಿಸಿಯೋ ಅತಿಯಾದ ಬಲೆಯೋ ಎಂದು ಬೇರ್ಪಡಿಸಿ ತೋರಿಸುವುದು ವಿಜ್ಞಾನಿಗಳಿಗೂ ಕಷ್ಟ.

ಹಡಗು ಮುಳುಗಿದಾಗಲಾದರೂ ಅದಕ್ಕೊಂದು ಹೆಸರಿರುತ್ತದೆ, ಒಡೆಯನಿರುತ್ತಾನೆ. ಮುಂಗಾರಿನ ಮುಂಚಿನ ದಿನಗಳಲ್ಲಿ ಗೋವೆಯ ಮರಳಿನ ಮೇಲೆ ಬಂದು ಬೀಳುವ ಡಾಂಬರಿನ ಉಂಡೆಗಳಿಗೆ ಅದೂ ಇಲ್ಲ. ದೂರದ ಕಡಲಿನಲ್ಲಿ ಚೆಲ್ಲಿದ ಎಣ್ಣೆ ಬಿಸಿಲಿಗೆ, ತೆರೆಗೆ ಗಟ್ಟಿಯಾಗಿ ಈ ರೂಪ ತಾಳುವುದು. ಅದರ ರಾಸಾಯನಿಕ ಘಟಕಗಳನ್ನು ಬೇರ್ಪಡಿಸಿ, ಸಂಶಯವಿರುವ ಹಡಗಿನ ಎಣ್ಣೆಯೊಡನೆ ಬೆರಳಚ್ಚಿನಂತೆ ಹೋಲಿಸಿ ನೋಡುವ ವಿಧಾನವೊಂದುಂಟು. ಆದರೆ ಹೋಲಿಸುವುದಕ್ಕೆ ಆ ಹಡಗಿನ ಎಣ್ಣೆ ಕೈಗೆ ಸಿಗಬೇಕು. ಅಷ್ಟರೊಳಗೆ ಅದು ಎಷ್ಟೋ ಬಂದರುಗಳನ್ನು ದಾಟಿ ಹೋಗಿರುತ್ತದೆ.