ಶಿಲುಬೆಯ ಬಳಿ ನಿಂತ ತಾಯಿ



ಸೆಪ್ಟೆಂಬರ್ ತಿಂಗಳು ಬಂತೆಂದರೆ ಬೆಂಗಳೂರಿನ ಕಥೋಲಿಕ ಕುಟುಂಬಗಳಿಗೆ ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕಾದ ನೆನಪು. 8ರಂದು ಮಾತೆಯ ಜನ್ಮೋತ್ಸವ, ತೇರು, ಜನಸಾಗರ. 14ರಂದು ಪವಿತ್ರ ಶಿಲುಬೆಯ ವಿಜಯೋತ್ಸವ. ಅದರ ಮರುದಿನವೇ ವ್ಯಾಕುಲ ಮಾತೆಯ ಸ್ಮರಣೆ. ತೇರಿಗೆ ಸೇರುವಷ್ಟು ಜನ ಅಂದಿನ ಬಲಿಪೂಜೆಗೆ ಸೇರುವುದಿಲ್ಲ. ಆದರೂ ಕಷ್ಟಕಾಲದಲ್ಲಿ ವಿಶ್ವಾಸವನ್ನು ಉಳಿಸಿಕೊಳ್ಳುವುದು ಹೇಗೆಂದು ನಮಗೆ ಕಲಿಸುವುದು ಈ ದಿನವೇ.

ಈ ಪ್ರಶ್ನೆ ನಮ್ಮ ಆರ್.ಟಿ. ನಗರದ ಮನೆಬಾಗಿಲಿಗೇ ಬಂದದ್ದು 2021ರ ಏಪ್ರಿಲ್, ಮೇ ತಿಂಗಳುಗಳಲ್ಲಿ. ಮೇ 5ರಂದು ಒಂದೇ ದಿನ ಕರ್ನಾಟಕದಲ್ಲಿ 50,112 ಮಂದಿಗೆ ಕೊರೋನಾ ಸೋಂಕು ದೃಢಪಟ್ಟಿತು. ಆಸ್ಪತ್ರೆಗಳಲ್ಲಿ ಹಾಸಿಗೆ ಇಲ್ಲ, ಆಮ್ಲಜನಕ ಇಲ್ಲ. ಪಕ್ಕದ ಹೆಬ್ಬಾಳದ ವಿದ್ಯುತ್ ಚಿತಾಗಾರದ ಮುಂದೆ ಆಂಬುಲೆನ್ಸ್‌ಗಳ ಸಾಲು. ದೇವಾಲಯದ ಬಾಗಿಲು ಮುಚ್ಚಿತ್ತು. ಹೆತ್ತವರ ಮುಖವನ್ನು ಕೊನೆಯ ಬಾರಿ ನೋಡಲಾಗದ ಮಕ್ಕಳು, "ದೇವರು ಎಲ್ಲಿದ್ದಾರೆ?" ಎಂದು ಕೇಳಿದರು. 1898ರಲ್ಲಿ ಪ್ಲೇಗ್ ಮಾರಿ ಈ ಊರಿಗೆ ಬಂದಾಗ ನಮ್ಮ ಹಿರಿಯರೂ ಇದನ್ನೇ ಕೇಳಿರಬೇಕು.

ಇಂಥ ವೇಳೆ ನಮ್ಮಲ್ಲಿ ಕೆಲವರು ಉತ್ತರ ಕೊಡಲು ಅವಸರ ಮಾಡುತ್ತೇವೆ. "ಇದು ಪಾಪದ ಫಲ" ಎನ್ನುತ್ತೇವೆ. "ನಿಮ್ಮ ಪ್ರಾರ್ಥನೆ ಸಾಲದು" ಎನ್ನುತ್ತೇವೆ. ಯೋಬನ ಗೆಳೆಯರು ಆಡಿದ ಮಾತೂ ಇಂಥದ್ದೇ. ಆ ಗ್ರಂಥದ ಕೊನೆಯಲ್ಲಿ ದೇವರು ಕೋಪಗೊಳ್ಳುವುದು ಆ ಗೆಳೆಯರ ಮೇಲೆ. ದೇವರೊಡನೆ ವಾದಿಸಿದ ಯೋಬನನ್ನು ಅವರು ತಮ್ಮ ಸೇವಕನೆಂದೇ ಕರೆಯುತ್ತಾರೆ.

ಹಾಗಾದರೆ ದೇವರಲ್ಲಿ ದೂರು ಹೇಳಿಕೊಳ್ಳುವುದು ಅವಿಶ್ವಾಸವೇ? ಅಲ್ಲ. 88ನೇ ಕೀರ್ತನೆಯನ್ನು ಒಮ್ಮೆ ಓದಿ ನೋಡೋಣ. ಅದು ಕತ್ತಲೆಯಲ್ಲೇ ಮುಗಿಯುತ್ತದೆ. ಕೊನೆಯಲ್ಲೂ ಸಮಾಧಾನದ ಮಾತಿಲ್ಲ. ಆದರೂ ಧರ್ಮಸಭೆ ಅದನ್ನು ತೆಗೆದುಹಾಕಿಲ್ಲ. ಪ್ರತಿ ಶುಕ್ರವಾರದ ರಾತ್ರಿ ಪ್ರಾರ್ಥನೆಯಲ್ಲಿ ನಮ್ಮ ಬಾಯಲ್ಲಿ ಅದನ್ನು ಇಟ್ಟಿದೆ. ಯೇಸುಸ್ವಾಮಿಯೂ ಶಿಲುಬೆಯ ಮೇಲಿಂದ, ತಮ್ಮನ್ನು ಕೈಬಿಟ್ಟದ್ದೇಕೆ ಎಂದು ದೇವರನ್ನೇ ಕೂಗಿ ಕೇಳಿದರು. ಕೇಳುವವನು ದೇವರ ಕಡೆಗೆ ಮುಖ ಮಾಡಿಯೇ ಕೇಳುತ್ತಾನೆ. ಆದ್ದರಿಂದ ಅಳುವೂ ಪ್ರಾರ್ಥನೆಯೇ.

ಈಗ ಮಾತೆಯನ್ನು ನೋಡೋಣ. ಸಂತ ಯೊವಾನ್ನರ ಶುಭಸಂದೇಶದಲ್ಲಿ ಮರಿಯಮ್ಮನವರು ಶಿಲುಬೆಯ ಬಳಿ ನಿಂತಿದ್ದಾರೆ. ಅಲ್ಲಿ ಅವರು ಆಡಿದ ಒಂದು ಮಾತೂ ದಾಖಲಾಗಿಲ್ಲ. ಮಗನ ನೋವನ್ನು ಇಳಿಸಲು ಅವರಿಂದಾಗಲಿಲ್ಲ, ಮೊಳೆಗಳನ್ನು ಕೀಳಲೂ ಆಗಲಿಲ್ಲ. ಆದರೆ ಬಿಟ್ಟುಹೋಗಲಿಲ್ಲ. ಅದೇ ಅವರ ವಿಶ್ವಾಸ. ಅಲ್ಲೇ ಯೇಸು ತಾಯಿಯನ್ನು ಶಿಷ್ಯನಿಗೂ, ಶಿಷ್ಯನನ್ನು ತಾಯಿಗೂ ಒಪ್ಪಿಸಿದರು. ನೋವಿನ ಬುಡದಲ್ಲಿ ಒಂದು ಹೊಸ ಕುಟುಂಬ ಹುಟ್ಟಿತು.

ಆ ಕುಟುಂಬವನ್ನು ನಾವು ಕೊರೋನಾ ಕಾಲದಲ್ಲೂ ಕಂಡೆವು. ಸ್ವಂತದವರೇ ಹತ್ತಿರ ಬರಲು ಹೆದರಿದ್ದಾಗ, ಬೆಂಗಳೂರು ಮಹಾಧರ್ಮಕ್ಷೇತ್ರದ 'ಮರ್ಸಿ ಏಂಜೆಲ್ಸ್' ಸ್ವಯಂಸೇವಕರು ರಕ್ಷಾ ಉಡುಪು ತೊಟ್ಟು, ಜಾತಿ ಮತ ಕೇಳದೆ, ಮೃತರನ್ನು ಗೌರವದಿಂದ ಬೀಳ್ಕೊಟ್ಟರು. "ದೇವರು ಎಲ್ಲಿದ್ದಾರೆ?" ಎಂದವರಿಗೆ ಅವರು ಮಾತಿನಲ್ಲಿ ಉತ್ತರ ಹೇಳಲಿಲ್ಲ, ಹೋಗಿ ಪಕ್ಕದಲ್ಲಿ ನಿಂತರು.

ಪ್ರಿಯರೇ, ಇಂದಿಗೂ ನಮ್ಮ ಬೀದಿಗಳಲ್ಲಿ ವ್ಯಾಕುಲದ ಮನೆಗಳಿವೆ. ಡಯಾಲಿಸಿಸ್‌ಗೆ ವಾರಕ್ಕೆ ಮೂರು ಸಲ ಓಡಾಡುವವರು, ಕೆಲಸ ಕಳೆದುಕೊಂಡು ಬಾಡಿಗೆ ಕಟ್ಟಲಾಗದವರು, ಕುಡಿತದ ಗಂಡನೊಡನೆ ಮೌನವಾಗಿ ಬಾಳುವವರು ನಮ್ಮ ನಡುವೆಯೇ ಇದ್ದಾರೆ. ಈ ಹಬ್ಬದ ವಾರ ಅಂಥ ಒಂದು ಮನೆಗೆ ಹೋಗೋಣ. ಉಪದೇಶ ಬೇಡ. ಒಂದು ಊಟದ ಕ್ಯಾರಿಯರ್, ಆಸ್ಪತ್ರೆಗೆ ಒಂದು ದಿನದ ಜೊತೆ, ಅವರು ಒಪ್ಪಿದರೆ ಕೂಡಿ ಹೇಳುವ ಒಂದು ಜಪಸರ ಸಾಕು. ನಮ್ಮ ಮನೆಗೇ ಕಷ್ಟ ಬಂದಿದ್ದರೆ ಬಾಗಿಲು ಹಾಕಿಕೊಳ್ಳದೆ ನೆರೆಯವರಿಗೆ ತಿಳಿಸೋಣ. ಒಬ್ಬರ ವಿಶ್ವಾಸ ಸೋತಾಗ ಇನ್ನೊಬ್ಬರ ವಿಶ್ವಾಸ ಹೊರುತ್ತದೆ. ಧರ್ಮಕೇಂದ್ರ ಇರುವುದು ಇದಕ್ಕಾಗಿಯೇ.

ಶಿಲುಬೆಯ ಬಳಿ ನಿಂತ ವ್ಯಾಕುಲ ಮಾತೆ, ನಿಲ್ಲಲು ಬೇಕಾದ ಬಲವನ್ನು ತಮ್ಮ ಪುತ್ರನಿಂದ ನಮಗೆಲ್ಲ ಬೇಡಿಕೊಡಲಿ. ಆಮೆನ್.