ಕೊಳಗದ ಸಾಕ್ಷ್ಯ: ಸ್ಥಳೀಯ ವಸ್ತುಸಂಗ್ರಹಾಲಯ ಮತ್ತು ದಾಖಲಾತಿ

ಚಿಕ್ಕ ಊರುಗಳಲ್ಲಿ ಆಸಕ್ತರ ಸ್ವಯಂಸೇವೆಯಿಂದ ರೂಪುಗೊಂಡ ವಸ್ತುಸಂಗ್ರಹಾಲಯಗಳು ಕರ್ನಾಟಕದ ಸ್ಥಳೀಯ ಚರಿತ್ರೆಯ ಅಧ್ಯಯನಕ್ಕೆ ಅಮೂಲ್ಯವಾದ ಆಕರಗಳನ್ನು ಒದಗಿಸಿವೆ. ಸಾಗರ ತಾಲ್ಲೂಕಿನ ಕೆಳದಿ ಇದಕ್ಕೆ ಉತ್ತಮ ನಿದರ್ಶನ. ಕೆಳದಿ ಗುಂಡಾ ಜೋಯಿಸರು ಕಲೆಹಾಕಿದ ತಾಳೆಗರಿ ಹಾಗೂ ಕಾಗದದ ಹಸ್ತಪ್ರತಿಗಳು ಅಲ್ಲಿನ ಸಂಗ್ರಹಾಲಯಕ್ಕೆ ಅಡಿಪಾಯವಾದವು. ಮುಂದೆ ಅದು ಕುವೆಂಪು ವಿಶ್ವವಿದ್ಯಾಲಯದ ಆಶ್ರಯಕ್ಕೆ ಬಂದಿತು. 1763ರಲ್ಲಿ ಹೈದರಾಲಿಯು ಬಿದನೂರನ್ನು ಗೆಲ್ಲುವವರೆಗೆ ಆಳಿದ ಕೆಳದಿ ಅರಸರ ಚರಿತ್ರೆಗೆ ಇಂಥ ಸಂಗ್ರಹದ ಬಲವಿದೆ.

ಅರಸರ ಕಾಲದ ಬರಹಕ್ಕೆ ತನ್ನದೇ ಆದ ಮಾತು ಇರುತ್ತದೆ. ಒಕ್ಕಲಿನ ಮನೆಯ ವಸ್ತುವಿಗೆ ಆ ಅನುಕೂಲವಿಲ್ಲ. ಭತ್ತ ಅಳೆಯುವ ಕೊಳಗವನ್ನೇ ನೋಡಬಹುದು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗವೆಂಬ ಲೆಕ್ಕವಿದ್ದರೂ ಒಂದು ಕೊಳಗಕ್ಕೆ ಎಷ್ಟು ಸೇರು ಎಂಬುದು ಊರಿಂದೂರಿಗೆ ಬದಲಾಗುತ್ತಿತ್ತು. ಬಾಯಿಗೆ ಸಮನಾಗಿ ಸವರಿ ಅಳೆದರೆ ಒಂದು ಪ್ರಮಾಣ, ಗೋಪುರವಾಗಿ ತುಂಬಿ ಅಳೆದರೆ ಇನ್ನೊಂದು.

ಇದೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ನಡೆದ ರೈತ ಸತ್ಯಾಗ್ರಹದ ಮೂಲದಲ್ಲಿ ಕೊಳಗದ ಗಾತ್ರದ ವಿವಾದವೂ ಇತ್ತು. ಒಡೆಯರು ಗೇಣಿಯ ಭತ್ತವನ್ನು ದೊಡ್ಡ ಕೊಳಗದಲ್ಲಿ ಅಳೆದುಕೊಳ್ಳುತ್ತಾರೆಂಬುದು ಗೇಣಿದಾರರ ದೂರು. ಎಚ್. ಗಣಪತಿಯಪ್ಪನವರು ಸಂಘಟಿಸಿದ ಈ ಹೋರಾಟಕ್ಕೆ ಬೆಂಬಲವಾಗಿ ಬಂದ ರಾಮಮನೋಹರ ಲೋಹಿಯಾ ಅವರು ಬಂಧನಕ್ಕೊಳಗಾದರು. ಮುಂದೆ 1974ರಲ್ಲಿ ತಿದ್ದುಪಡಿಯಾದ ಭೂಸುಧಾರಣಾ ಕಾಯಿದೆಯು ಗೇಣಿ ಪದ್ಧತಿಯನ್ನೇ ಕೊನೆಗಾಣಿಸಿತು.

ಆದ್ದರಿಂದ ಈ ಪ್ರದೇಶದ ಕೊಳಗವೊಂದು ಸಂಗ್ರಹಾಲಯಕ್ಕೆ ಬಂದಾಗ ‘ಹಳೆಯ ಅಳತೆಯ ಪಾತ್ರೆ’ ಎಂಬ ಚೀಟಿ ಅಂಟಿಸಿದರೆ ಸಾಲದು. ಅದು ಒಡೆಯರ ಮನೆಯದೋ ಗೇಣಿದಾರರ ಮನೆಯದೋ, ಎಷ್ಟು ಸೇರು ಹಿಡಿಯುತ್ತದೆ, ಅಳೆಯುತ್ತಿದ್ದವರು ಯಾರು, ಸವರುತ್ತಿದ್ದರೋ ತುಂಬುತ್ತಿದ್ದರೋ, ಮನೆಯವರು ಅದನ್ನು ಕರೆಯುತ್ತಿದ್ದ ಹೆಸರೇನು ಎಂಬ ವಿವರಗಳು ವಸ್ತು ಕೈಸೇರಿದ ದಿನವೇ ದಾಖಲಾಗಬೇಕು. ಈ ವಿವರಗಳಿದ್ದರೆ ಕೊಳಗವು ಸಾಕ್ಷ್ಯ; ಇಲ್ಲವಾದರೆ ಬರಿಯ ಪಾತ್ರೆ.

ಕಾನೂನಿನ ರಕ್ಷಣೆಯೂ ಇಲ್ಲಿ ಸೀಮಿತವಾದುದು. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯಿದೆಯಂತೆ ವಸ್ತುವೊಂದು ಪುರಾವಸ್ತು ಎನಿಸಲು ಸಾಮಾನ್ಯವಾಗಿ 100 ವರ್ಷ, ಮೌಲಿಕ ಹಸ್ತಪ್ರತಿಗೆ 75 ವರ್ಷ ಕಳೆದಿರಬೇಕು. 1951ರಲ್ಲಿ ಮಾಡಿಸಿದ ಕೊಳಗವು 2051ರವರೆಗೆ ಈ ವ್ಯಾಖ್ಯೆಯೊಳಗೆ ಬಾರದು. ಮನೆ ಪಾಲಾಗುವಾಗ, ಹಳೆಯ ಕಟ್ಟಡ ಕೆಡಹುವಾಗ ಇಂಥ ವಸ್ತುಗಳು ಗುಜರಿಗೆ ಸೇರುವ ಮೊದಲು ತಡೆದು ನಿಲ್ಲಿಸಬಲ್ಲವರು ಆ ಊರಿನ ಸ್ವಯಂಸೇವಕರು ಮಾತ್ರ.

ಸತ್ಯಾಗ್ರಹದ ಕಾಲಕ್ಕೆ ಹತ್ತು ವರ್ಷದವರಾಗಿದ್ದವರಿಗೆ ಈಗ ಎಂಬತ್ತು ದಾಟಿದೆ. ಕೊಳಗ ಇನ್ನೂ ನೂರು ವರ್ಷ ಉಳಿದೀತು. ಅದರ ಅಳತೆ ಕಂಡವರ ಮಾತು ಉಳಿಯದು. ಸ್ಥಳೀಯ ಸಂಗ್ರಹಾಲಯಗಳು ಕಪಾಟುಗಳಿಗಿಂತ ಮೊದಲು ದಾಖಲೆ ಪುಸ್ತಕದತ್ತ ಗಮನ ಹರಿಸಬೇಕಾದುದು ಈ ಕಾರಣದಿಂದಲೇ.