ಹಿಮಕುಸಿತ: ಇಳಿಜಾರಿನ ಒಳಪದರಗಳ ಪರೀಕ್ಷೆ

ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ಬಯಲಿನಲ್ಲಿರುವ ದಾವಣಗೆರೆಯಲ್ಲಾಗಲಿ, ತುಂಗಭದ್ರೆಯ ದಂಡೆಯ ಹರಿಹರದಲ್ಲಾಗಲಿ ಹಿಮ ಬೀಳುವುದಿಲ್ಲವಾದರೂ ಹಿಮಕುಸಿತ ತಂದ ದುಃಖ ಕನ್ನಡ ನಾಡಿಗೆ ಅಪರಿಚಿತವಲ್ಲ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನ ಸೇನಾ ಠಾಣೆಯೊಂದರ ಮೇಲೆ ಹಿಮರಾಶಿ ಕುಸಿದು ಹತ್ತು ಮಂದಿ ಯೋಧರು ಹೂತುಹೋದರು. ಆರು ದಿನಗಳ ಬಳಿಕ ಜೀವಂತವಾಗಿ ಸಿಕ್ಕ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಫೆಬ್ರುವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. 2022ರ ಅಕ್ಟೋಬರ್ 4ರಂದು ಉತ್ತರಾಖಂಡದ ದ್ರೌಪದಿ ಕಾ ದಾಂಡಾ ಶಿಖರದಲ್ಲಿ ನೆಹರೂ ಪರ್ವತಾರೋಹಣ ಸಂಸ್ಥೆಯ ತರಬೇತಿ ತಂಡ ಹಿಮಕುಸಿತಕ್ಕೆ ಸಿಲುಕಿದಾಗ ಮಡಿದವರಲ್ಲಿ ಕರ್ನಾಟಕದ ಯುವಕರೂ ಇದ್ದರು.

ಸಿಯಾಚಿನ್‌ನಲ್ಲಿ ಕುಸಿದದ್ದು ಮಂಜುಗಡ್ಡೆಯ ಗೋಡೆ. ಆದರೆ ಸ್ಕೀ ಸವಾರರನ್ನೂ ಪರ್ವತಾರೋಹಿಗಳನ್ನೂ ಹೆಚ್ಚಾಗಿ ಬಲಿ ತೆಗೆದುಕೊಳ್ಳುವುದು ಹಿಮದ ಗಟ್ಟಿ ಪದರವೊಂದು ಒಟ್ಟಾಗಿ ಕಳಚಿ ಜಾರುವ ಫಲಕ ಕುಸಿತ. ಚಳಿಗಾಲದಲ್ಲಿ ನೆಲಕ್ಕೆ ತಾಗಿದ ಹಿಮ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿದ್ದು ಮೇಲ್ಮೈ ಅತಿ ತಣ್ಣಗಿದ್ದರೆ, ಕೆಳಗಿನ ನೀರಾವಿ ಮೇಲೇರಿ ಹರಳುಗಳ ಮೇಲೆ ಹೆಪ್ಪುಗಟ್ಟುತ್ತದೆ. ತಾಪದ ಅಂತರ ಪ್ರತಿ 10 ಸೆಂಟಿಮೀಟರಿಗೆ ಸುಮಾರು 1 ಡಿಗ್ರಿ ಸೆಲ್ಸಿಯಸ್ ಮೀರಿದಾಗ ಆ ಹರಳುಗಳು ಮೊನಚಾಗಿ ಬೆಳೆದು ಒಂದಕ್ಕೊಂದು ಬೆಸೆದುಕೊಳ್ಳದ ದುರ್ಬಲ ಪದರವಾಗುತ್ತವೆ. ಹರಡಿದ ಮಂಡಕ್ಕಿಯ ಮೇಲೆ ಹಲಗೆಯಿಟ್ಟು ಒತ್ತಿದರೆ ಅದು ಪುಡಿಯಾಗಿ ಹಲಗೆ ಕುಸಿಯುವಂತೆ, ಸ್ಕೀ ಸವಾರನ ಭಾರಕ್ಕೆ ಈ ಪದರ ಒಂದೆಡೆ ಮುರಿದು, ಬಿರುಕು ಕ್ಷಣಾರ್ಧದಲ್ಲಿ ಇಳಿಜಾರಿಗೆಲ್ಲ ಹರಡಿ, ಮೇಲಿನ ಫಲಕ ಪೂರ್ತಿಯಾಗಿ ಜಾರುತ್ತದೆ.

ಅಪಾಯವನ್ನು ಅಳೆಯುವವರು ಮೊದಲು ನೋಡುವುದು ಇಳಿಜಾರಿನ ಕೋನವನ್ನು, ಏಕೆಂದರೆ ಇಂಥ ಕುಸಿತಗಳಲ್ಲಿ ಬಹುಪಾಲು 30ರಿಂದ 45 ಡಿಗ್ರಿಗಳ ನಡುವೆ ಸಂಭವಿಸುತ್ತವೆ. ಸಮೀಪದಲ್ಲಿ ಆಗಷ್ಟೇ ಆಗಿರುವ ಕುಸಿತ, ಕಾಲಿಟ್ಟಲ್ಲಿಂದ ಓಡುವ ಬಿರುಕು, ಹಿಮ ಒಳಗೊಳಗೇ ಕುಸಿದಾಗ ಕೇಳುವ ಮಂದವಾದ ಸದ್ದು, ಭಾರಿ ಹೊಸ ಹಿಮ, ಹಿಮವನ್ನು ಹೊತ್ತುತಂದು ಒಂದೆಡೆ ಪೇರಿಸುವ ಗಾಳಿ, ದಿಢೀರನೆ ಏರುವ ತಾಪ, ಇವೆಲ್ಲವೂ ಸ್ಪಷ್ಟ ಎಚ್ಚರಿಕೆಗಳು. ಒಳಪದರಗಳನ್ನು ಕಾಣಲು ಗುಂಡಿ ತೋಡಿ, 30 ಸೆಂಟಿಮೀಟರ್ ಅಗಲ ಮತ್ತು ಅಷ್ಟೇ ಉದ್ದದ ಹಿಮದ ಕಂಬವನ್ನು ಬಿಡಿಸಿ, ಅದರ ಮೇಲೆ ಸಲಿಕೆಯ ಅಲಗನ್ನಿಟ್ಟು ಮಣಿಕಟ್ಟು, ಮೊಣಕೈ, ಭುಜಗಳಿಂದ ಕ್ರಮವಾಗಿ ಹತ್ತು ಹತ್ತು ಬಾರಿ ತಟ್ಟುತ್ತಾರೆ. ಕೆಲವೇ ಏಟಿಗೆ ಒಂದು ಪದರ ನುಣುಪಾಗಿ ಕಳಚಿದರೆ ಆ ಇಳಿಜಾರನ್ನು ತೊರೆಯಬೇಕು.

ಆದರೆ ಕಂಬ ಗಟ್ಟಿಯಾಗಿ ನಿಂತಿತೆಂದು ಇಳಿಜಾರು ಸುರಕ್ಷಿತವೆಂದು ತಿಳಿಯಬಾರದು, ಏಕೆಂದರೆ ಗಾಳಿ ಬಿಸಿಲುಗಳಿಂದಾಗಿ ಕೆಲವೇ ಮೀಟರ್ ಅಂತರದಲ್ಲಿ ಪದರಗಳ ಸ್ವರೂಪ ಬದಲಾಗಿರುತ್ತದೆ. ಪರೀಕ್ಷೆ ಅಪಾಯವನ್ನು ತೋರಿಸಬಲ್ಲದೇ ಹೊರತು ಅಭಯ ನೀಡಲಾರದು.

ಮಾರಣಾಂತಿಕವಾದ ಫಲಕ ಕುಸಿತಗಳಲ್ಲಿ ಬಹುತೇಕವು ಅವುಗಳಲ್ಲಿ ಸಿಲುಕಿದವರಿಂದಲೋ ಅವರ ಸಂಗಡಿಗರಿಂದಲೋ ಪ್ರಚೋದಿತವಾಗುತ್ತವೆಂಬುದರಿಂದ, ಅವುಗಳನ್ನು ತಪ್ಪಿಸುವುದೂ ಮನುಷ್ಯರ ಕೈಯಲ್ಲೇ ಇದೆ. ದಾವಣಗೆರೆ, ಹರಿಹರಗಳಿಂದ ಗುಲ್ಮಾರ್ಗ್‌ಗೋ ಔಲಿಗೋ ಹೊರಡುವ ತರುಣರು ಚಂಡೀಗಢದ ರಕ್ಷಣಾ ಭೂಮಾಹಿತಿ ಸಂಶೋಧನಾ ಸಂಸ್ಥೆ ಹೊರಡಿಸುವ ಹಿಮಕುಸಿತದ ಮುನ್ಸೂಚನೆಯನ್ನು ಗಮನಿಸಬೇಕು. ಹೂತವರನ್ನು ಪತ್ತೆಹಚ್ಚುವ ರೇಡಿಯೊ ಸಾಧನ, ಹಿಮದೊಳಗೆ ಚುಚ್ಚಿ ಹುಡುಕುವ ಸಲಾಕೆ, ಸಲಿಕೆ ಈ ಮೂರನ್ನೂ ಪ್ರತಿಯೊಬ್ಬರೂ ಹೊಂದಿರಬೇಕು, ಏಕೆಂದರೆ ಮೊದಲ ಹತ್ತು ಹದಿನೈದು ನಿಮಿಷಗಳ ನಂತರ ಬದುಕುಳಿಯುವ ಸಾಧ್ಯತೆ ವೇಗವಾಗಿ ಕುಸಿಯುತ್ತದೆ. ಸಂಶಯವಿದ್ದಾಗ, ಮೇಲುಗಡೆ ಕಡಿದಾದ ಇಳುಕಲಿಲ್ಲದ, 30 ಡಿಗ್ರಿಗಿಂತ ಕಡಿಮೆ ಇಳಿಜಾರನ್ನೇ ಆರಿಸಿಕೊಳ್ಳುವುದು ಅಥವಾ ಹಿಂದಿರುಗುವುದು ವಿವೇಕ.